ಫ್ಯಾನ್ ರಿಪೇರಿಯವನು ನನ್ನ ತಂಗಿಯ ಗಂಡನಲ್ಲ

ಮಾನ್ಯ ಆರೋಗ್ಯಾಧಿಕಾರಿಗಳೇ,

ಸಮಸ್ತ ನಾಗರಿಕರಿಗೂ ಹರ್ಷದಿಂದ ತಿಳಿಯಪಡಿಸುವುದೇನೆಂದರೆ, ತಮ್ಮ ಆರೋಗ್ಯ ಕೇಂದ್ರದ ಕುಟುಂಬ ಯೋಜನೆ ಕೋಣೆಯ ಫ್ಯಾನು ಕೊನೆಗೂ ತಿರುಗುತ್ತಿದೆ! ರಿಪೇರಿಯವನು ಬಂದ, ಏಣಿ ಹತ್ತಿದ, ಸರಿ ಮಾಡಿದ. ಅದಕ್ಕೆ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ. ಅದೇ ಹೊತ್ತಿಗೆ ಕಾಪರ್-ಟಿ ಹಾಕಿಸಿಕೊಳ್ಳಲು ಹೋದ ನನ್ನ ತಂಗಿಯನ್ನು ಮಾತ್ರ, ಗಂಡನನ್ನು ಕರೆದುಕೊಂಡು ಬಾ ಎಂದು ವಾಪಸು ಕಳಿಸಿದರು. ನನ್ನ ತಕರಾರು ಇಷ್ಟೇ.

ತಂಗಿ ಮನೆಯಲ್ಲೇ ಶಾಲಾ ಸಮವಸ್ತ್ರ ಹೊಲಿಯುತ್ತಾಳೆ. ಎರಡು ಮಕ್ಕಳು, ಎರಡೂ ಆಪರೇಷನ್ ಹೆರಿಗೆ. ಮತ್ತೊಮ್ಮೆ ಬಸಿರಾದರೆ ಜೀವಕ್ಕೇ ಅಪಾಯ ಎಂದವರು ತಮ್ಮ ಕಟ್ಟಡದ ವೈದ್ಯರೇ. ಬಿಪಿ ಇರುವುದರಿಂದ ಮಾತ್ರೆ ಬೇಡ, ಕಾಪರ್-ಟಿ ಹಾಕಿಸಿಕೋ ಎಂದವರೂ ಅವರೇ. ಗಂಡ ಲಾರಿ ಡ್ರೈವರ್. ಬಂದರೆ ಶನಿವಾರ ಬರುತ್ತಾನೆ, ಮಂಗಳವಾರ ಹೊರಡುತ್ತಾನೆ. ತಮ್ಮ ಕೋಣೆ ತೆರೆಯುವುದು ಬುಧವಾರ ಮಾತ್ರ. ಈ ಹೊಂದಾಣಿಕೆ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ, ಇದರ ಹಿಂದೆ ಯಾರೋ ಕೂತು ತಲೆ ಓಡಿಸಿದ್ದಾರೆಂದೇ ನನ್ನ ಗುಮಾನಿ. ಅಲ್ಲಿಯವರೆಗೆ ಗಂಡನೇ ಎಚ್ಚರ ವಹಿಸಲಿ ಎನ್ನುವಿರಾ? ನನ್ನ ತಂಗಿಯ ಗಂಡ ಒಳ್ಳೆಯವನೇ. ಆದರೆ ಲಾರಿಯ ಕೀಲಿಯನ್ನು ಲಾರಿಯೊಳಗೇ ಬಿಟ್ಟು ಬಾಗಿಲು ಹಾಕುವ ಪುಣ್ಯಾತ್ಮನ ಜ್ಞಾಪಕಶಕ್ತಿಗೆ ಹೆಂಡತಿಯ ಪ್ರಾಣವನ್ನು ಒಪ್ಪಿಸಬಹುದೇ?

ಅವತ್ತು ತಂಗಿಯ ಜೊತೆ ನಾನೂ ಇದ್ದೆ. "ಯಜಮಾನ್ರು ಎಲ್ಲಮ್ಮ?" ಅಂದರು ನರ್ಸ್.

"ಲಾರಿ ಮೇಲೆ ಹೋಗಿದಾರೆ ಸಿಸ್ಟರ್. ಫೋನ್ ಮಾಡಿಕೊಡ್ಲಾ?"

ಮಾಡಿಕೊಟ್ಟಳು. ಆತನ ಧ್ವನಿ ಹೊರಗಿನ ಸಾಲಿಗೂ ಕೇಳಿಸಿತು: "ಹಾಕಿಸ್ಕೋ ಅಂತ ಹೋದ್ಸಲಾನೇ ಹೇಳಿದ್ನಲ್ಲೇ! ನನ್ನನ್ಯಾಕೆ ಕೇಳ್ತಾರೆ, ನನಗೆ ಹಾಕ್ತಾರಾ?"

ಸಾಲಿನ ಹೆಂಗಸರೆಲ್ಲ ನಕ್ಕರು. ನರ್ಸ್ ನಗಲಿಲ್ಲ. "ಫೋನಲ್ಲಿ ಯಾರು ಮಾತಾಡಿದ್ರೋ ನನಗೇನು ಗೊತ್ತು? ಮನುಷ್ಯ ಎದುರಿಗಿರಬೇಕು."

ಅಷ್ಟರಲ್ಲಿ ರಿಪೇರಿಯವನು ಏಣಿಯಿಂದಿಳಿದು, ಕೈ ಒರೆಸಿಕೊಳ್ಳುತ್ತ ತಂಗಿಯ ಪಕ್ಕ ನಿಂತ. ಪಕ್ಕದ ಕೋಣೆಯಿಂದ ಹಿರಿಯ ನರ್ಸ್ ಬಂದವರು ಅವನನ್ನು ನೋಡಿ ಮುಖ ಅರಳಿಸಿದರು. "ಓ, ಬಂದ್ಯಾ? ಏನಪ್ಪಾ, ನಿನ್ನ ಒಪ್ಪಿಗೆ ಇದೆ ತಾನೆ?"

"ನಂದೇನಿದೆ ಮೇಡಂ, ನೀವು ಹೇಳಿದ ಹಾಗೆ."

"ಗಂಡ ಅಂದ್ರೆ ಹೀಗಿರಬೇಕು! ಬಾಮ್ಮ, ಮಲಕ್ಕೋ."

ನನ್ನ ತಂಗಿ ಸತ್ಯವಂತೆ. "ಅಯ್ಯೋ ಮೇಡಂ, ಇವರು ಫ್ಯಾನ್ ರಿಪೇರಿಗೆ ಬಂದವರು!"

"ಹಾಗಾದ್ರೆ ಆಗಲ್ಲ. ಮನೆಗೆ ಹೋಗು."

ಹೊರಗೆ ಬಂದು ನಾನು ಅವಳನ್ನು ಚಿವುಟಿದೆ. "ಬಾಯಿ ಮುಚ್ಕೊಂಡು ಮಲಗಬಾರದಿತ್ತೇನೇ?"

"ಹೋಗಕ್ಕಾ. ನಾಳೆ ಬೀದೀಲಿ ಸಿಕ್ಕಿದ್ರೆ ಆ ಮನುಷ್ಯನ ಮುಖ ಹೇಗೆ ನೋಡ್ಲಿ?" ಅಂದಳು. ನಗುತ್ತಲೇ ಅಂದಳು. ಬಸ್ಸಿನಲ್ಲಿ ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತಳು.

ಮಾನ್ಯರೇ, ಈಗ ತಾವೇ ಹೇಳಿ. ಕಟ್ಟಿಕೊಂಡ ಗಂಡನ ಮಾತಿಗೆ ಬೆಲೆಯಿಲ್ಲ, ಗುರುತು ಪರಿಚಯವಿಲ್ಲದವನ ಒಂದು ಮಾತು ಸಾಕು ಎಂದಾದರೆ, ತಮಗೆ ಬೇಕಾಗಿದ್ದದ್ದು ಒಪ್ಪಿಗೆಯೋ, ಬರಿಯ ಮೀಸೆಯೋ? ಮೈ ಇವಳದು, ಹೊಲಿಗೆ ಬಿದ್ದದ್ದು ಇವಳ ಹೊಟ್ಟೆಗೆ. ಹಾಗಿದ್ದೂ ಆ ಕೋಣೆಯಲ್ಲಿ ಇವಳೊಬ್ಬಳನ್ನು ಬಿಟ್ಟು ಎಲ್ಲರನ್ನೂ ಕೇಳಿದ್ದಾಯಿತು. ಗಂಡಸರ ಆಪರೇಷನ್ನಿಗೂ ಹೆಂಡತಿ ಎದುರಿಗಿರಬೇಕೇ ಎಂದು ನಾನು ವಿಚಾರಿಸಿದೆ. "ಗಂಡಸರು ಬಂದ್ರಲ್ವಾ ಕೇಳೋಕೆ!" ಎಂದು ಹಿರಿಯ ನರ್ಸ್ ನಕ್ಕುಬಿಟ್ಟರು.

ಈ ನಿಯಮ ಯಾರದೆಂದರೆ, "ಮೇಲಿನವರದು" ಎಂಬ ಉತ್ತರ. ನಾನು ಮಹಡಿ ಹತ್ತಿಯೂ ನೋಡಿ ಬಂದೆ. ನೀರಿನ ಟ್ಯಾಂಕು ಬಿಟ್ಟರೆ ಅಲ್ಲಿ ಯಾರೂ ಇಲ್ಲ. ಒತ್ತಾಯ ಮಾಡಿದ ಮೇಲೆ ಹಿರಿಯ ನರ್ಸ್ ಪಿಸುಗುಟ್ಟಿದರು: "ಹಿಂದೆ ಯಾರದೋ ಗಂಡ ಬಂದು, ನನ್ನ ಕೇಳದೆ ಹೇಗೆ ಹಾಕಿದ್ರಿ ಅಂತ ಟೇಬಲ್ ಗುದ್ದಿ ಹೋದ. ಅವತ್ತಿಂದ ಹೀಗೆ. ನಮಗ್ಯಾಕಮ್ಮ ಊರ ಉಸಾಬರಿ?" ಅಲ್ಲಿಗೆ, ಹೆಸರೂ ನೆನಪಿಲ್ಲದ ಒಬ್ಬನ ಮುಷ್ಟಿ ಈ ಊರಿನ ಅಷ್ಟೂ ಹೆಂಗಸರಿಗೆ ಕಾನೂನಾಗಿ ಕೂತಿದೆ. ಅದು ತಮಗೆ ಗೊತ್ತಿಲ್ಲವೆಂದು ನಂಬಲು ಪ್ರಯತ್ನಿಸಿದೆ, ಆಗಲಿಲ್ಲ. ಗೊತ್ತಿದ್ದೂ ಸುಮ್ಮನಿರುವುದು ತಮಗೂ ಅನುಕೂಲವಾಗಿದೆ ಎಂಬ ಸಂಶಯ ದಿನೇ ದಿನೇ ಬಲಿಯುತ್ತಿದೆ.

ಆದ್ದರಿಂದ ನನ್ನ ಆಗ್ರಹ: ಇಂಥದೊಂದು ಆದೇಶವಿದ್ದರೆ ತಮ್ಮ ಸಹಿ ಹಾಕಿ ಕೋಣೆಯ ಬಾಗಿಲಿಗೆ ಅಂಟಿಸಿ, ಎಲ್ಲರೂ ಓದಲಿ. ಇಲ್ಲದಿದ್ದರೆ, ಹೆಂಗಸು ತನಗೆ ಬೇಕೆಂದರೆ ಸಾಕು ಎಂದು ಸಿಬ್ಬಂದಿಗೆ ತಿಳಿಸಿ. ಮುಂದೆ ಯಾರಾದರೂ ಬಂದು ಟೇಬಲ್ ಗುದ್ದಿದರೆ ಆತನನ್ನು ತಮ್ಮ ಕೋಣೆಗೆ ಕಳಿಸಲಿ. ತಮ್ಮ ಟೇಬಲು ಗಟ್ಟಿಯಾಗಿಯೇ ಇರಬೇಕು.

ಆದೇಶ ಹೊರಡಲು ಕಾಲ ಹಿಡಿಯುತ್ತದೆ, ಬಲ್ಲೆ. ಲಾರಿ ಮಾತ್ರ ಈ ಶನಿವಾರವೇ ಬರುತ್ತದೆ. ಅದಕ್ಕೆ ಮುಂಚೆ ಇರುವುದು ಒಂದೇ ಬುಧವಾರ. ಅವತ್ತು ಬೆಳಗ್ಗೆ ದಯವಿಟ್ಟು ಆ ಕೋಣೆಗೊಂದು ಫೋನ್ ಮಾಡಿ, "ಬಂದವಳನ್ನೇ ಕೇಳಿ" ಎಂದಷ್ಟು ಹೇಳಿಬಿಡಿ. ಫೋನು ಕಾರಿಡಾರಿನ ಆ ತುದಿಯಲ್ಲಿದೆ, ನರ್ಸ್ ನಡೆದು ಬರಬೇಕು. ಎರಡು ರಿಂಗಿಗೇ ಇಟ್ಟುಬಿಡಬೇಡಿ.

ಇಂತಿ,
ಮೀಸೆಯಿಲ್ಲದ ಕಾರಣ ತಮ್ಮ ಕೇಂದ್ರದಲ್ಲಿ ಲೆಕ್ಕಕ್ಕೆ ಬಾರದ ಒಬ್ಬ ಅಕ್ಕ