ಹನೂರಿನವಳಿಗೂ ಅಷ್ಟೇ ಸಂಬಳ

ಪ್ರೀತಿಯ ದೊಡ್ಡಪ್ಪನಿಗೆ,

ಮಧುವನಹಳ್ಳಿಯಿಂದ ಬರುತ್ತಿದ್ದ ನೇಕಾರನ ಕೂಲಿಯ ಮಾತು ಎದ್ದ ದಿನ ನೆನಪಿದೆಯೇ? ಮಗ್ಗದ ಮನೆಯಲ್ಲಿ ನಿಮ್ಮ ಪಾಲುದಾರರು, "ಅವ್ನಿಗೆ ಗದ್ದೆ ಅದೆ, ಊಟಕ್ಕೇನ್ ಕಮ್ಮಿ? ಕೂಲಿ ವಸಿ ಇಳ್ಸಣ್ಣ" ಅಂದರು. ನೀವು ಸೀರೆಯ ಸೆರಗನ್ನು ಬೆಳಕಿಗೆ ಹಿಡಿದುಕೊಂಡೇ ಉತ್ತರ ಕೊಟ್ಟಿರಿ: "ಗದ್ದೆ ಅವ್ರಪ್ಪುಂದು ಕಣ್ಲಾ. ಸೀರೆ ಇವುಂದು. ನೀನು ಮಾರೋದು ಗದ್ದೆಯಾ?"

ಅದೇ ಮಾತನ್ನು ಈಗ ನಾನು ಕೇಳಬೇಕಾಗಿದೆ. ನೀವು ನಮ್ಮನ್ನು ಅಗಲಿ ಹೋದ ಮೇಲೆ ನಮ್ಮ ಸಾಫ್ಟ್‌ವೇರ್ ಕಂಪನಿ ಕೊಳ್ಳೇಗಾಲದಲ್ಲೊಂದು ಶಾಖೆ ತೆರೆದಿದೆ, ನಾನೇ ಉಸ್ತುವಾರಿ. ಪ್ರತಿ ಹುದ್ದೆಗೂ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಸಂಬಳ ಗೊತ್ತುಮಾಡಬೇಕಿತ್ತು. ಬೆಂಗಳೂರಿನ ಮೇಲಧಿಕಾರಿ, "ಅಲ್ಲಿ ಎಲ್ಲರೂ ಮನೆಯಲ್ಲೇ ಇರ್ತಾರೆ, ಬಾಡಿಗೆ ಇಲ್ಲ. ಇಲ್ಲಿಗಿಂತ ಕಡಿಮೆ ಹಾಕಿ" ಎಂದರು. ನಮ್ಮ ಶಾಖೆಯಲ್ಲಿರುವ ಹನೂರಿನ ಮಾದೇವಿ ಬರೆದ ಪ್ರೋಗ್ರಾಮಿಗೂ ಬೆಂಗಳೂರಿನವರು ಬರೆದದ್ದಕ್ಕೂ ಗಿರಾಕಿಯಿಂದ ವಸೂಲು ಮಾಡುವುದು ಒಂದೇ ದರ. ಅವಳ ಅಪ್ಪ ಕಟ್ಟಿಸಿದ ಮನೆಯ ಲಾಭ ಕಂಪನಿಗೆ ಏಕೆ ಸೇರಬೇಕು? ನಿಮ್ಮ ಪಾಲುದಾರರ ಹಳೆಯ ಲೆಕ್ಕಕ್ಕೇ ಓದಿದವರು 'ಊರಿನ ಖರ್ಚಿಗೆ ತಕ್ಕ ಸಂಬಳ' ಎಂದು ಹೊಸ ಹೆಸರು ಇಟ್ಟುಕೊಂಡಿದ್ದಾರೆ, ಅಷ್ಟೇ.

ಜರಿ ಅಂಚಿನ ಕೆಲಸ ಬಲ್ಲವನೊಬ್ಬ ಹೆಚ್ಚಿನ ಕೂಲಿಗೆ ಬೆಂಗಳೂರಿನ ಮಗ್ಗಕ್ಕೆ ಹೊರಟಾಗ ನಿಮ್ಮ ಮುಖ ಹೇಗಾಗಿತ್ತು... ಅದನ್ನು ನೆನೆದು ಕನಿಷ್ಠದ ಜೊತೆಗೆ ಗರಿಷ್ಠವನ್ನೂ ಬೆಂಗಳೂರಿನಷ್ಟೇ ಇಟ್ಟೆ.

ಆ ಪಟ್ಟಿಯನ್ನು ಬೆಂಗಳೂರಿಗೆ ಕಳಿಸುವ ಮುಂಚೆ ಮಾದೇವಿಯನ್ನು ಕೇಳಿದೆ. "ಸಮ ಕೊಡ್ಲಿ ಅಕ್ಕ, ಯಾರ್ ಬ್ಯಾಡ ಅಂದೋರು? ಆದ್ರೆ ನಿಮ್ ಜಗ್ಳದಲ್ಲಿ ಆಫೀಸಿಗೆ ಬೀಗ ಬಿದ್ರೆ, ನಾನು ಕೆಲ್ಸ ಹುಡ್ಕಂಡು ಪಾಲಾರ್ ದಾಟಿ ತಮಿಳ್ನಾಡಿಗೆ ಓಗ್ಬೇಕಾ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಶಾಖೆಯೇ ಮುಚ್ಚಿದರೆ ನನ್ನ ನ್ಯಾಯದಿಂದ ಯಾರ ಹೊಟ್ಟೆ ತುಂಬೀತು? ಆದರೂ ಕಳಿಸಿದೆ.

ನಿನ್ನೆ ಉತ್ತರ ಬಂತು ದೊಡ್ಡಪ್ಪ. ಎರಡೂ ಊರಿಗೆ ಒಂದೇ ಸಂಬಳ, ಒಪ್ಪಿದ್ದಾರೆ. ಆದರೆ ಖರ್ಚು ಸರಿದೂಗಿಸಲು ಈ ವರ್ಷ ಹೊಸಬರು ಬೇಡವಂತೆ. ಯಳಂದೂರಿನ ಹುಡುಗಿಯೊಬ್ಬಳಿಗೆ ಕೆಲಸ ಖಚಿತ ಎಂದು, ಮೇಲಿನವರ ಒಪ್ಪಿಗೆ ಪಡೆದೇ, ಮಾತು ಕೊಟ್ಟಿದ್ದೆ. ಅವಳು ಇದ್ದ ಕೆಲಸ ಬಿಟ್ಟು ಊರಿಗೆ ಬಂದಿದ್ದಾಳೆ.

ಆಫೀಸಿನಲ್ಲಿ ಮಾದೇವಿ ಎಲ್ಲರಿಗೂ ಸಿಹಿ ಹಂಚುತ್ತಿದ್ದಾಳೆ. ನಾನು ಬಸ್‌ಸ್ಟ್ಯಾಂಡಿನಲ್ಲಿ ಕೂತು ನಿಮಗೆ ಬರೆಯುತ್ತಿದ್ದೇನೆ. ಆ ಹುಡುಗಿಗೆ ಬೇರೆ ಕಡೆ ಕೆಲಸ ಹುಡುಕಿಕೊಡದೆ ಬಿಡುವುದಿಲ್ಲ, ನಿಮ್ಮಾಣೆ. ಆದರೆ ಮೊದಲು ಅವಳೆದುರು ನಿಂತು ಹೇಳಬೇಕಲ್ಲ. ಯಳಂದೂರಿನ ಬಸ್ಸು ಬಂತು.

ನಿಮ್ಮ ಮಗಳಂಥವಳು,
ಗೌರಿ