ಉಚ್ಚೆಂಗೆಮ್ಮನ ಮಂಡಕ್ಕಿಗೆ ಯಾರ ನೀರು?

ಊರಿನ ಆರೋಗ್ಯ ಕಾಯುವ ಮಾನ್ಯ ಅಧಿಕಾರಿಗಳೇ,

ನಮ್ಮ ಓಣಿಗೆ ವಾಂತಿಭೇದಿ ತಂದದ್ದು ನಿಮ್ಮ ನಲ್ಲಿ. ನೀವು ಬೀಗ ಜಡಿಸಿದ್ದು ಉಚ್ಚೆಂಗೆಮ್ಮನ ಒಗ್ಗರಣೆ ಮಂಡಕ್ಕಿ ಅಂಗಡಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ.

ಮೇಲಿನವರು ಬರುತ್ತಾರೆಂದು ತಿಳಿದೊಡನೆ ನೀವು ಮಾಡಿಸಿದ್ದೇನು? ಸಿರುಗುಪ್ಪ ರಸ್ತೆಯಿಂದ ನಮ್ಮ ಓಣಿಯ ಕೊನೆಯವರೆಗೆ ಎರಡೂ ಬದಿಗೆ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ. ಎಷ್ಟು ನೇರ, ಎಷ್ಟು ಅಚ್ಚುಕಟ್ಟು! ಆದರೆ ಸ್ವಾಮಿ, ಕಾಲರಾ ರೋಗಾಣು ರಸ್ತೆಯಲ್ಲಿ ನಡೆದು ಬರುವುದಿಲ್ಲ, ಗೆರೆ ಕಂಡು ಹಿಂದಿರುಗುವುದೂ ಇಲ್ಲ. ಅದು ರೋಗಿಯ ಮಲದಿಂದ ನೀರಿಗೆ, ನೀರಿನಿಂದ ಬಾಯಿಗೆ ಬರುತ್ತದೆ. ಆ ಪುಡಿ ಇರಬೇಕಾದದ್ದು ಟ್ಯಾಂಕಿನಲ್ಲಿ. ಚರಂಡಿಯೊಳಗೆ ಒಡೆದ ಪೈಪು, ನೀರು ಬಿಡದ ಹೊತ್ತಿನಲ್ಲಿ ಕೊಚ್ಚೆಯನ್ನು ಎಳೆದುಕೊಳ್ಳುತ್ತದೆ ಎಂದು ನಾವು ತೋರಿಸಿದಾಗ, ನೀವು ಲೋಟ ಎತ್ತಿ ಬಿಸಿಲಿಗೆ ಹಿಡಿದು, ನೀರು ತಿಳಿಯಾಗಿದೆಯಲ್ಲ ಎಂದಿರಿ. ರೋಗಾಣು ಬರಿಗಣ್ಣಿಗೆ ಕಾಣುವಂತಿದ್ದರೆ ಸೂಕ್ಷ್ಮದರ್ಶಕ ಯಾರಿಗೆ ಬೇಕಿತ್ತು? ಆದರೂ ಆ ಲೋಟದ ನೀರನ್ನು ನೀವು ಕುಡಿಯಲಿಲ್ಲ. ಅದನ್ನು ಇಡೀ ಓಣಿ ನೋಡಿದೆ.

ನನ್ನ ಅತ್ತೆ ವಿರೂಪಮ್ಮ ಹಾಸಿಗೆ ಹಿಡಿದವರು. ಬಾಯಲ್ಲಿ ಹಲ್ಲಿಲ್ಲ, ಮಂಡಕ್ಕಿ ತಿಂದು ವರ್ಷಗಳೇ ಆದವು. ಬಿಸಿ ಗಂಜಿ, ನಲ್ಲಿ ನೀರು, ಅಷ್ಟೇ. ಓಣಿಯಲ್ಲಿ ಮೊದಲು ಭೇದಿ ಶುರುವಾದದ್ದು ಅವರಿಗೇ. ಕಣ್ಣು ಗುಳಿಬಿದ್ದವು, ಚಿವುಟಿದರೆ ಚರ್ಮ ಹಾಗೇ ನಿಲ್ಲುತ್ತಿತ್ತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಬಾಟಲಿ ಮೇಲೆ ಬಾಟಲಿ ಏರಿಸಿ ಉಳಿಸಿಕೊಟ್ಟರು. ಅವರಿಗೆ ಯಾವ ಅಂಗಡಿಯಿಂದ ರೋಗ ಬಂತು, ಹೇಳಿ?

ಉಚ್ಚೆಂಗೆಮ್ಮನ ಕೈಯಡುಗೆ ರೋಗ ತಂದಿತೆಂಬ ಮಾತು ಅವಳ ಜಾತಿ ನೋಡಿ ಮೂಗು ಮುರಿಯುವ ನಮ್ಮೂರಿನ ಕೆಲವರಿಗೆ ಮೊದಲೇ ಬೇಕಾಗಿತ್ತು. ನೀವು ಅದಕ್ಕೆ ಸರ್ಕಾರಿ ಮೊಹರು ಒತ್ತಿದಿರಿ. ಶಾಲೆಯಲ್ಲಿ ಅವಳ ಮಗಳು ಮೇಘಾಳ ಪಕ್ಕ ಈಗ ಯಾರೂ ಕೂರುವುದಿಲ್ಲ. ಮೊನ್ನೆ ನಮ್ಮ ಹೊಸ್ತಿಲ ಆಚೆಯೇ ನಿಂತು ಕೇಳಿದಳು: "ಅಕ್ಕಾ, ನನ್ನ ಕೈಯಾಗ ರೋಗ ಐತೇನು? ಖರೇ ಹೇಳ್ರಿ."

ನಾನು ಆ ಕೈಯನ್ನೇ ಹಿಡಿದು ಒಳಗೆ ಕರೆತಂದೆ.

ಉಚ್ಚೆಂಗೆಮ್ಮ ಮಂಡಕ್ಕಿಯ ಜೊತೆ ಕೊಡುವ ಮಿರ್ಚಿ ಬಜ್ಜಿ ಕಾದ ಎಣ್ಣೆಯಲ್ಲಿ ಬೇಯುತ್ತದೆ. ಅಲ್ಲಿ ಕಾಲರಾ ರೋಗಾಣು ಬದುಕಲಾರದು. ಬಳ್ಳಾರಿಯ ಬ್ರೂಸ್‌ಪೇಟೆಯಿಂದ ತಂದ ಮಂಡಕ್ಕಿಯನ್ನು ಮಾತ್ರ, ಎಲ್ಲರಂತೆ, ಒಗ್ಗರಣೆಗೆ ಮುಂಚೆ ತಣ್ಣೀರಲ್ಲಿ ಅದ್ದಿ ಹಿಂಡುತ್ತಾಳೆ. ಅದರಿಂದ ಒಬ್ಬಿಬ್ಬರಿಗೆ ರೋಗ ಬಂದಿರಲೂಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ನೀರು ಯಾರದು?

ಪೈಪು ಬದಲಿಸಿ. ನೀರಿನ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಓಣಿಯ ಗೋಡೆಗೆ ಅಂಟಿಸಿ. ಅಂಗಡಿಯ ಬೀಗವನ್ನು ಎಲ್ಲರೆದುರು ನೀವೇ ಬಂದು ತೆಗೆಯಿರಿ. ಮೊದಲ ತಟ್ಟೆ ನಿಮಗೇ. ಪೈಪು ಬದಲಿಸದೆ ಬಂದರೂ ಬೇಸರವಿಲ್ಲ, ತಟ್ಟೆ ಸಿದ್ಧವಿರುತ್ತದೆ. ಮಂಡಕ್ಕಿಯನ್ನು ನಿಮ್ಮ ನಲ್ಲಿಯ ನೀರಿನಲ್ಲೇ ನೆನೆಸಿರುತ್ತೇವೆ.

ಇಂತಿ,
ಮಜ್ಜಿಗೆಗೂ ಕುದಿಸಿ ಆರಿಸಿದ ನೀರನ್ನೇ ಬೆರೆಸುವಂತಾದ,
ಪಂಪಾವತಿ