ನಿಂತಿರುವ ಮಗುವಿನ ಮೇಲಿನ ಕೈ

ಗುಂಡ್ಲುಪೇಟೆ, ೧೪-೮-೧೯೯೪, ಭಾನುವಾರ

ಚಂದಕವಾಡಿಯಿಂದ ಇವತ್ತೂ ಅದೇ ಮಾತು. ಅಕ್ಕನ ಅತ್ತೆ ಬಂದು, "ನಿಂಗೀಗ ಗಂಡುಮಗ ಆಯ್ತು ಕಣವ್ವ. ಇನ್ನ ಮೀನಾನ ನಮ್ಮನೇಲೇ ಬುಟ್ಬುಡು" ಎಂದು ಹೇಳಿಹೋದರು. ಅಕ್ಕ ತೀರಿಕೊಂಡಾಗಿನಿಂದ ಅವಳ ಮಗಳು ಮೀನಾಳನ್ನು ಸಾಕಿದವಳು ನಾನು. ಆದರೂ ಕೂಸು ಹುಟ್ಟಿದ ಮೇಲೆ ಮೀನಾಳನ್ನು ಹತ್ತಿರ ಕೂರಿಸಿಕೊಳ್ಳುವುದಕ್ಕೂ ನನಗೆ ಪುರುಸೊತ್ತಿಲ್ಲ, ಅದು ನಿಜ ತಾನೆ.

ಸಂಜೆ ಕೂಸಿನ ಜ್ವರ ತೋರಿಸಲು ಪಕ್ಕದ ಮನೆಯ ನರ್ಸ್ ಏಲಿಯಮ್ಮನ ಬಳಿ ಹೋದೆ. ಜೊತೆಗೆ ಬಂದ ಮೀನಾ ಅಲ್ಲಿ ಗೋಡೆಯ ಪಟವನ್ನೇ ನೋಡುತ್ತ ನಿಂತಳು. ನೀಲಿ ಮುಸುಕಿನ ತಾಯಿ, ಮಡಿಲಲ್ಲೊಂದು ಮಗು, ಪಕ್ಕದಲ್ಲಿ ನಿಂತ ಇನ್ನೊಂದು.

"ಇಬ್ರೂ ಅವ್ಳ ಮಕ್ಳಾ?" ಎಂದಳು.

"ಮಡಿಲಲ್ಲಿರೋದು ಯೇಸು, ಮಾತೆಯ ಮಗ. ನಿಂತಿರೋದು ಯೋಹಾನ, ನೆಂಟರ ಮಗ. ಇಬ್ಬರೂ ದೇವರ ಮಕ್ಕಳೇ" ಎಂದಳು ಏಲಿಯಮ್ಮ. "ಮಾತೆ ಕೈ ಯೋಹಾನನ ಮೇಲೆ ಯಾಕಿದೆ, ಹೇಳು ನೋಡೋಣ."

ಮೀನಾ ಪಟದ ಹತ್ತಿರ ಹೋದಳು. "ಮಡ್ಲಲ್ಲಿರೋನು ಎಲ್ಲೂ ಓಗಲ್ಲ. ನಿಂತಿರೋನು ಓಗ್ಬುಟ್ಟಾನು ಅಂತ ಇಡ್ಕಂಡವ್ಳೆ."

ನನಗೆ ಅಲ್ಲಿ ಕೂರಲಾಗಲಿಲ್ಲ.

ಮನೆಗೆ ಬಂದು ಇವರಿಗೆ, "ಮೀನಾನ ಕಳ್ಸಲ್ಲ ಅಂತ ನಾಳೆ ಚಂದಕವಾಡಿಗೆ ಹೇಳ್ಬುಡಿ" ಎಂದೆ.

"ಮೊದ್ಲು ಅವ್ಳಿಗೆ ಹೇಳು" ಎಂದರು.

ಹೇಳಿದೆ. ಅವಳು ಒಳಗೆ ಹೋಗಿ, ಸ್ಕೂಲ್ ಬ್ಯಾಗಿನಿಂದ ತನ್ನ ಎರಡು ಲಂಗ ತೆಗೆದು ಮತ್ತೆ ಹಗ್ಗಕ್ಕೆ ಹಾಕಿದಳು. ಯಾವಾಗ ತುಂಬಿಕೊಂಡಿದ್ದಳೋ, ನನಗೆ ಗೊತ್ತೇ ಆಗಿರಲಿಲ್ಲ.